ಬೆಟ್ಟಕ್ಕೆ ನಮ್ಮ ರಜೆಯ ಲೆಕ್ಕ ಗೊತ್ತಿಲ್ಲ

ಮೇ ತಿಂಗಳಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿ ಕಡೆ ಹೋದವರಿಗೆ ಈ ನೋಟ ಹೊಸದಲ್ಲ. ಸ್ಲೀಪರ್ ಬೋಗಿಯ ಸೀಟಿನಡಿ ಉಬ್ಬಿದ ರಕ್‌ಸ್ಯಾಕುಗಳು, ಕಿಟಕಿ ಕಂಬಿಗೆ ಲೇಸು ಕಟ್ಟಿ ನೇತುಹಾಕಿದ ಶೂಗಳು, ಕೋಡುಬಳೆ ಚಟ್ನಿಪುಡಿಯ ಡಬ್ಬಿಗಳು. ಅಪ್ಪ, ಅಮ್ಮ, ಆಗಷ್ಟೇ ಪರೀಕ್ಷೆ ಮುಗಿಸಿದ ಮಗಳು, ಜೊತೆಗೆ ಬ್ಯಾಂಕಿನಿಂದ ನಿವೃತ್ತರಾದ ದೊಡ್ಡಪ್ಪ. ಎಲ್ಲಿಗೆ ಎಂದು ಕೇಳಿದರೆ ಕಾಶಿಗಲ್ಲ, ಬದರಿಗಲ್ಲ. ‘ಸರ್ ಪಾಸ್’ ಎನ್ನುತ್ತಾರೆ, ಇಲ್ಲವೇ ‘ಚಂದ್ರಖಾನಿ’. ಎರಡೂ ಹಿಮಾಚಲದ ಚಾರಣದ ಹಾದಿಗಳು. ಎರಡು ರಾತ್ರಿ ರೈಲಿನಲ್ಲಿ, ಮತ್ತೊಂದು ರಾತ್ರಿ ದೆಹಲಿಯಿಂದ ಬಸ್ಸಿನಲ್ಲಿ. ಹಿಮಾಲಯ ಮುಟ್ಟುವ ಮೊದಲೇ ರಜೆಯ ದೊಡ್ಡ ಪಾಲು ಗಾಲಿಯ ಮೇಲೆ ಕಳೆದುಹೋಗುತ್ತದೆ. ಮುಂದಿನ ಅರ್ಧ ತೊಂದರೆಗಳಿಗೆ ಇದೇ ಮೂಲ ಎಂಬುದು ನನ್ನ ಅನಿಸಿಕೆ. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮಲ್ಲೇ ಇಷ್ಟೊಂದು ಬೆಟ್ಟಗಳಿರುವಾಗ ಅಷ್ಟು ದೂರ ಯಾಕೆ ಎಂದು ಮನೆಯ ಹಿರಿಯರು ಕೇಳುವುದುಂಟು. ಉತ್ತರ ಸರಳ. ಪಶ್ಚಿಮಘಟ್ಟಕ್ಕೂ ಶಾಲೆಯ ರಜೆಗೂ ಹೊಂದಾಣಿಕೆ ಇಲ್ಲ. ಏಪ್ರಿಲ್, ಮೇನಲ್ಲಿ ಘಟ್ಟದ ನೆತ್ತಿಯ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಯಾರೋ ಎಸೆದ ಒಂದು ಬೀಡಿ ತುಂಡು ಸಾಕು, ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳಲು. ಹಳ್ಳಗಳಲ್ಲಿ ನೀರಿರುವುದಿಲ್ಲ. ಕುಮಾರಪರ್ವತದಂಥ ಹಾದಿಗಳನ್ನು ಅರಣ್ಯ ಇಲಾಖೆ ಬೇಸಿಗೆಯಲ್ಲಿ ಮುಚ್ಚುವುದು ಇದೇ ಕಾರಣಕ್ಕೆ. ಮಳೆ ಬಿದ್ದು ಹಸಿರಾಗುವ ಹೊತ್ತಿಗೆ ಶಾಲೆ ತೆರೆದಿರುತ್ತದೆ. ಹಿಮಾಲಯದ್ದು ಬೇರೆ ಪಂಚಾಂಗ. ಏಪ್ರಿಲ್‌ವರೆಗೂ ಎತ್ತರದ ಕಣಿವೆಗಳಲ್ಲಿ ಚಳಿಗಾಲದ ಹಿಮ ಕೂತಿರುತ್ತದೆ, ಜೂನ್ ಕೊನೆಗೆ ಮಳೆ ಬರುತ್ತದೆ. ನಡುವಿನ ಏಳೆಂಟು ವಾರಗಳೇ ಹಿಮದ ಮೇಲೆ ನಡೆಯಲು ಸಾಮಾನ್ಯರಿಗೆ ಸಿಗುವ ಅವಕಾಶ. ಸ್ವಲ್ಪ ತಡವಾಗಿ ಹೋದರಾಯಿತು ಎನ್ನುವಂತಿಲ್ಲ. 2023ರ ಜುಲೈನಲ್ಲಿ ಕುಲ್ಲು, ಮಂಡಿ ಕಡೆಯ ನದಿಗಳು ರಸ್ತೆ, ಸೇತುವೆಗಳನ್ನೇ ಕೊಚ್ಚಿಕೊಂಡು ಹೋದದ್ದನ್ನು ಟಿವಿಯಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಹೀಗೆ ಹೋಗುವ ಕನ್ನಡಿಗರಲ್ಲಿ ಬಹಳ ಮಂದಿ ಮೊದಲ ಸಲ ಹಿಮ ತುಳಿಯುವುದು ಹಿಮಾಚಲದ ಪಾರ್ವತಿ ಕಣಿವೆಯಲ್ಲಿ. ಭುಂತರ್‌ನಲ್ಲಿ ಪಾರ್ವತಿ ನದಿ ಬಿಯಾಸ್ ಸೇರುತ್ತದೆ. ಅಲ್ಲಿಂದ ನದಿಯ ಗುಂಟ ಮೇಲಕ್ಕೆ ಹೋದರೆ ಕಸೋಲ್, ಇನ್ನೂ ಮುಂದೆ ಮಣಿಕರಣ್. ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರು ವರ್ಷಗಳಿಂದ ಕಸೋಲ್‌ನಲ್ಲಿ ಬೇಸಿಗೆ ಶಿಬಿರ ಹಾಕುತ್ತಾ ಬಂದಿದ್ದಾರೆ. ಡೇರೆಯಲ್ಲಿ ಗುಜರಾತಿನ ವ್ಯಾಪಾರಿ, ಪುಣೆಯ ಮೇಷ್ಟ್ರು, ದಾವಣಗೆರೆಯ ವಿದ್ಯಾರ್ಥಿ ಸಾಲಾಗಿ ಮಲಗುತ್ತಾರೆ. ಸಂಜೆಯ ಕ್ಯಾಂಪ್‌ಫೈರ್‌ನಲ್ಲಿ ಬೆಂಕಿ ಇರುವುದಿಲ್ಲ. ಕಾಡಿನ ಸೌದೆ ಸುಡಬಾರದೆಂದು ಒಂದು ಬಲ್ಬು ಉರಿಸಿ ಅದರ ಸುತ್ತ ಕೂತು ಹಾಡುತ್ತಾರೆ. ಮಲಗುವ ಮುಂಚೆ ಎಲ್ಲರ ಲೋಟಕ್ಕೂ ಬಿಸಿ ಬೋರ್ನ್‌ವಿಟಾ. ಇದರಲ್ಲಿ ಐಷಾರಾಮ ಹುಡುಕುವವರು ದುಡ್ಡು ಹೆಚ್ಚು ಕೊಟ್ಟು ಖಾಸಗಿ ಕಂಪನಿಗಳ ಜೊತೆ ಹೋಗಬಹುದು. ಆದರೆ ತಟ್ಟೆ ತಾನೇ ತೊಳೆದು, ತನ್ನ ಚೀಲ ತಾನೇ ಹೊತ್ತು ನಡೆದ ಹದಿನಾರರ ಹುಡುಗ ಊರಿಗೆ ಬಂದಮೇಲೆ ಸ್ವಲ್ಪ ಬೇರೆಯಾಗಿರುತ್ತಾನೆ ಎಂದು ಅಂಥ ಹುಡುಗರ ಅಮ್ಮಂದಿರು ಹೇಳುವುದನ್ನು ಕೇಳಿದ್ದೇನೆ. ಎಷ್ಟು ದಿನ ಹಾಗಿರುತ್ತಾನೆ ಎಂಬುದು ಬೇರೆ ಮಾತು.

ಈಗ ಎತ್ತರದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 6,300 ಅಡಿ. ಕಸೋಲ್ ಸುಮಾರು 5,200 ಅಡಿಯಲ್ಲಿದೆ. ಅಲ್ಲಿಯವರೆಗೆ ನಮ್ಮ ದೇಹಕ್ಕೆ ಗೊತ್ತಿರುವ ಪ್ರಪಂಚವೇ. ಸರ್ ಪಾಸ್ ಹಾದಿಯ ಮೊದಲ ದಿನದ ನಡಿಗೆ ಮುಗಿಸಿ ಗ್ರಹಣ್ ಎಂಬ ಹಳ್ಳಿಯಲ್ಲಿ ಮಲಗುವಾಗ 7,700 ಅಡಿ ಆಸುಪಾಸಿನಲ್ಲಿರುತ್ತೀರಿ. ಕರ್ನಾಟಕದ ಯಾವ ಬೆಟ್ಟದ ತುದಿಯೂ ನಿಮ್ಮ ಹಾಸಿಗೆಗಿಂತ ಮೇಲಿರುವುದಿಲ್ಲ. ಮರುದಿನದ ಪಾದ್ರಿ ಶಿಬಿರ ಸುಮಾರು 9,300 ಅಡಿ. ಕೇರಳದ ಆನಮುಡಿ 8,842 ಅಡಿ, ದಕ್ಷಿಣ ಭಾರತದಲ್ಲಿ ಅದನ್ನು ಮೀರಿದ ಶಿಖರವಿಲ್ಲ. ಅಂದರೆ ಎರಡನೇ ದಿನದ ಸಂಜೆಗೇ ದಕ್ಷಿಣದ ಅಷ್ಟೂ ಬೆಟ್ಟಗಳು ಲೆಕ್ಕದಿಂದ ಹೊರಬಿದ್ದವು. ಆಮೇಲೆ ಮಿಂಗ್ ಥಾಚ್ 11,200, ನಗಾರು 12,500, ಕೊನೆಗೆ ಸರ್ ಪಾಸ್ 13,800 ಅಡಿ. ಊರಲ್ಲಿ ಎಷ್ಟೇ ಬೆಟ್ಟ ಹತ್ತಿರಲಿ, ಪಾದ್ರಿಯಿಂದ ಮೇಲಕ್ಕೆ ಎಲ್ಲರೂ ಹೊಸಬರೇ.

ಗ್ರಹಣ್‌ವರೆಗಿನ ದಾರಿ ಹಳ್ಳದ ಪಕ್ಕ ಸಾಗುತ್ತದೆ. ದೇವದಾರು, ಕೈಲ್ ಪೈನ್, ನಡುನಡುವೆ ಅಕ್ರೋಟಿನ ಮರಗಳು. ಮನೆಗಳನ್ನು ಕಾಠ್‌ಕುಣಿ ಶೈಲಿಯಲ್ಲಿ ಕಟ್ಟಿದ್ದಾರೆ. ಒಂದು ಸಾಲು ದೇವದಾರಿನ ತೊಲೆ, ಅದರ ಮೇಲೊಂದು ಸಾಲು ಕಲ್ಲು, ಗಾರೆ ಇಲ್ಲ. ಭೂಮಿ ನಡುಗಿದರೆ ಮನೆಯೂ ಅಷ್ಟಿಷ್ಟು ಅಲುಗಿ ಮತ್ತೆ ನಿಲ್ಲುತ್ತದೆ. ಕಾಂಕ್ರೀಟು ಬಿರಿಯುವ ಕಡೆ ಇದು ಬಾಗುತ್ತದೆ. ಕೆಳಗಿನ ಅಂತಸ್ತಿನಲ್ಲಿ ದನ, ಮೇಲೆ ಜನ. ದನದ ಮೈಕಾವು ಮಲಗುವ ಕೋಣೆಗೆ ಏರುತ್ತದೆ. ಹಳ್ಳಿಯ ಹೆಂಗಸರು ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ನಮ್ಮನ್ನು ದಾಟಿ ಹೋಗುವಾಗ ಅವರ ಉಸಿರಿನ ಸದ್ದೂ ಕೇಳಿಸುವುದಿಲ್ಲ. ಮೇ ತಿಂಗಳಲ್ಲಿ ಕಾಡಿಗೆ ಹೋಗುವ ಹಲವರು ಗುಚ್ಚಿ ಹುಡುಕಲು ಹೋಗಿರುತ್ತಾರೆ. ಹಿಮ ಕರಗಿದ ಮಣ್ಣಿನಲ್ಲಿ ತಾನಾಗಿ ಏಳುವ ಒಂದು ಜಾತಿಯ ಅಣಬೆ ಅದು. ನೋಡಲು ಜೇನುಹುಟ್ಟಿನ ತುಂಡಿನ ಹಾಗೆ. ಒಣಗಿಸಿದ ಗುಚ್ಚಿಗೆ ಕಿಲೋಗೆ ಹತ್ತು ಸಾವಿರ ರೂಪಾಯಿ ದಾಟುವ ಬೆಲೆ ಇದೆ. ಹಾಗಾಗಿ ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಯಾರೂ ಸರಿಯಾದ ದಿಕ್ಕು ತೋರಿಸುವುದಿಲ್ಲ. ಕಳಲೆ, ಅಣಬೆ ವಿಷಯದಲ್ಲಿ ನಮ್ಮ ಮಲೆನಾಡಿನವರೂ ಅಷ್ಟೇ ತಾನೆ!

ಪಾದ್ರಿ ದಾಟಿದಮೇಲೆ ಕಾಡಿನ ಬಣ್ಣ ಬದಲಾಗುತ್ತದೆ. ಕೆಳಗೆ ಕೆಂಪಗೆ ಅರಳಿ ಮುಗಿದಿದ್ದ ಬುರಾಂಶ್ ಹೂ ಮೇಲೆ ಇನ್ನೂ ಮೊಗ್ಗಿನಲ್ಲಿರುತ್ತದೆ. ಭೂರ್ಜದ ತೊಗಟೆ ಕಾಗದದ ಹಾಳೆಗಳಂತೆ ಸುಲಿದು ನಿಂತಿರುತ್ತದೆ. ಮರಗಳ ಸಾಲು ಮುಗಿಯುವ ಕಡೆ ಕುರಿಗಳು ಕಾಣಿಸಿಕೊಳ್ಳುತ್ತವೆ. ಗದ್ದಿ ಕುರಿಗಾಹಿಗಳು ಚಳಿಗಾಲವನ್ನು ತಪ್ಪಲಿನಲ್ಲಿ ಕಳೆದು, ಹಿಮ ಹಿಂದೆ ಸರಿದಂತೆ ತಾವು ಮೇಲೇರುತ್ತಾರೆ. ಉಣ್ಣೆಯ ಚೋಲಾ ತೊಟ್ಟು ಸೊಂಟಕ್ಕೆ ಕಪ್ಪು ಉಣ್ಣೆ ಹಗ್ಗ ಸುತ್ತಿರುತ್ತಾರೆ. ಚಿರತೆ ಕತ್ತಿಗೆ ಬಾಯಿ ಹಾಕದಿರಲಿ ಎಂದು ಅವರ ನಾಯಿಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ. ಕರಿಕಂಬಳಿ ಹೊದ್ದು ಹಿಂಡಿನೊಂದಿಗೆ ಜಿಲ್ಲೆಯಿಂದ ಜಿಲ್ಲೆಗೆ ನಡೆಯುವ ನಮ್ಮ ಕುರುಬರನ್ನು ಕಂಡವರಿಗೆ ಇವರ ಜೊತೆ ಮಾತಿಗೆ ಕೂರಲು ಭಾಷೆ ಅಷ್ಟೇನೂ ಅಡ್ಡಿಯಾಗುವುದಿಲ್ಲ. ನಮ್ಮ ತಂಡದಲ್ಲಿದ್ದ ಚಿತ್ರದುರ್ಗ ಕಡೆಯ ಹಿರಿಯರೊಬ್ಬರು ಹರುಕು ಮುರುಕು ಹಿಂದಿಯಲ್ಲಿ ಮರಿಗಳ ರೇಟು ವಿಚಾರಿಸುತ್ತಾ ಒಂದು ಗಂಟೆ ಅಲ್ಲೇ ಕೂತುಬಿಟ್ಟಿದ್ದರು. “ಬನ್ನಿ ಅಣ್ಣಾ, ಲೇಟಾಯ್ತು” ಎಂದು ಹುಡುಗರು ಕರೆದರೆ, “ಆ ಯಜಮಾನ್ರಿಗೆ ಲೇಟಾಗಿಲ್ವಲ್ಲಪ್ಪ, ನಿಮ್ಗೇನು” ಎಂದರು. ಇಡೀ ತಂಡದಲ್ಲಿ ಸರಿಯಾಗಿ ಊಟ ಮಾಡಿ, ಸರಿಯಾಗಿ ನಿದ್ದೆ ಮಾಡಿದವರು ಬಹುಶಃ ಅವರೊಬ್ಬರೇ.

ಇದು ಕಾಕತಾಳೀಯವಲ್ಲ. ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಪಾಲು ಅಷ್ಟೇ ಇರುತ್ತದೆ, ಶೇ 21. ಕಡಿಮೆಯಾಗುವುದು ಗಾಳಿಯ ಒತ್ತಡ. ಸರ್ ಪಾಸ್‌ನಂಥ ಎತ್ತರದಲ್ಲಿ ಅದು ಸಮುದ್ರಮಟ್ಟದ ಸುಮಾರು ಶೇ 60ಕ್ಕೆ ಇಳಿದಿರುತ್ತದೆ. ಅದೇ ಎದೆ, ಅದೇ ಉಸಿರು, ಒಳಗೆ ಹೋಗುವ ಆಮ್ಲಜನಕ ಮಾತ್ರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ದೇಹ ಸುಮ್ಮನೆ ಕೂರುವುದಿಲ್ಲ. ಉಸಿರಾಟ ಜೋರಾಗುತ್ತದೆ, ನಾಡಿ ಏರುತ್ತದೆ. ಜೋರು ಉಸಿರಿನಿಂದ ರಕ್ತದ ಗುಣವೇ ಸ್ವಲ್ಪ ಬದಲಾಗಿ, ಅದನ್ನು ಸರಿದೂಗಿಸಲು ಮೂತ್ರಪಿಂಡ ಹೆಚ್ಚು ಕೆಲಸ ಮಾಡುತ್ತದೆ. ರಾತ್ರಿ ಮತ್ತೆ ಮತ್ತೆ ಟೆಂಟಿನಿಂದ ಹೊರಗೆ ಹೋಗಬೇಕಾಗಿ ಬರುವುದು ಇದರಿಂದಲೇ. ಚಳಿಯಲ್ಲಿ ಬೈದುಕೊಂಡರೂ ಅದು ಒಳ್ಳೆಯ ಲಕ್ಷಣ. ರಕ್ತದ ಕೆಂಪುಕಣಗಳು ಹೆಚ್ಚುವುದಕ್ಕಂತೂ ವಾರಗಳೇ ಬೇಕು. ಈ ಯಾವ ಕೆಲಸವನ್ನೂ ಅವಸರಪಡಿಸಲು ಬರುವುದಿಲ್ಲ. 10,000 ಅಡಿ ದಾಟಿದಮೇಲೆ ಮಲಗುವ ಜಾಗವನ್ನು ದಿನಕ್ಕೆ 1,600 ಅಡಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಿ ಎಂದು ಪರ್ವತ ವೈದ್ಯರು ಹೇಳುವುದು ಅದಕ್ಕೇ.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಎತ್ತರದ ಕಾಯಿಲೆಯ ಮೊದಲ ಎಚ್ಚರಿಕೆಗಳು. ಇದಕ್ಕೂ ಜಿಮ್ಮಿನಲ್ಲಿ ಬೆಳೆಸಿದ ಮೈಗೂ ಸಂಬಂಧವಿಲ್ಲ. ಗಟ್ಟಿ ಹುಡುಗರೇ ಹೆಚ್ಚು ಸಿಕ್ಕಿಬೀಳುವುದನ್ನು ನೋಡಿದ್ದೇನೆ. ಕಾಲಲ್ಲಿ ಕಸುವಿರುವುದರಿಂದ ಬೇಗ ಹತ್ತುತ್ತಾರೆ, ಶ್ವಾಸಕೋಶಕ್ಕೆ ಸಮಯ ಸಿಗುವುದಿಲ್ಲ. ತಲೆನೋವೆಂದು ಹೇಳಿದರೆ ವಾಪಸ್ ಕಳಿಸುತ್ತಾರೆಂದು ಬಾಯಿ ಮುಚ್ಚಿಕೊಂಡಿರುತ್ತಾರೆ, ಅದು ಇನ್ನೂ ಅಪಾಯ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಕಾಣಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ಅನುಮಾನಿಸಬೇಕು. ಕುಡಿದವರಂತೆ ತೂರಾಡುವುದು, ಮಾತು ತೊದಲುವುದು ಮಿದುಳು ಊದಿಕೊಳ್ಳುತ್ತಿರುವುದರ ಸೂಚನೆ. ಇವೆರಡೂ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲವು. ಎರಡಕ್ಕೂ ಮೊದಲ ಮದ್ದು ಒಂದೇ, ಕೂಡಲೇ ಕೆಳಗಿಳಿಯುವುದು, ರಾತ್ರಿಯಾದರೂ ಸರಿ. ಈ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ಸ್ನೇಹಿತರಿಂದ ಇಸಕೊಂಡು ನುಂಗುವ ರೂಢಿ ಬೇಡ. ಸಲ್ಫಾ ಅಲರ್ಜಿ ಇರುವವರಂತೂ ಅದನ್ನು ವೈದ್ಯರಿಗೆ ಮೊದಲೇ ಹೇಳಲೇಬೇಕು.

ನಗಾರು ಶಿಬಿರದಲ್ಲಿ ನಿದ್ದೆ ಮಾಡಿದೆ ಎನ್ನುವವರನ್ನು ನಾನು ನಂಬುವುದಿಲ್ಲ (ಚಿತ್ರದುರ್ಗದವರನ್ನು ಬಿಟ್ಟು). ಬೋಳು ಏಣಿನ ಮೇಲೆ ಡೇರೆಗಳು, ರಾತ್ರಿಯಿಡೀ ಗಾಳಿ ಅವುಗಳ ಬಟ್ಟೆ ಬಡಿಯುತ್ತಿರುತ್ತದೆ. ನೀರಿನ ಬಾಟಲಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳದಿದ್ದರೆ ಬೆಳಿಗ್ಗೆಗೆ ಮಂಜುಗಟ್ಟಿರುತ್ತದೆ. ಮೂರು ಗಂಟೆ ಸುಮಾರಿಗೆ ಸೀಟಿ. ಇಷ್ಟು ಬೇಗ ಯಾಕೆ ಎಂದು ಗೊಣಗುವವರಿಗೆ ಹಿಮವೇ ಉತ್ತರ ಕೊಡುತ್ತದೆ. ರಾತ್ರಿಯ ಚಳಿಗೆ ಗಟ್ಟಿಯಾದ ಹಿಮ ಬೆಳಗಿನ ಜಾವ ನಿಮ್ಮ ಭಾರ ತಡೆಯುತ್ತದೆ. ಗೈಡ್ ಮುಂದೆ ಹೋಗುತ್ತಾ ಐಸ್ ಆಕ್ಸಿನಿಂದ ಮೆಟ್ಟಿಲು ಕಡಿದರೆ ಹಿಂದಿನವರು ಅದೇ ಮೆಟ್ಟಿಲಲ್ಲಿ ಕಾಲಿಡುತ್ತಾರೆ. ಬಿಸಿಲೇರಿದಮೇಲೆ ಅದೇ ಹಿಮ ಮೆತ್ತಗಾಗಿ ಕಾಲು ತೊಡೆಯವರೆಗೂ ಹೂತುಹೋಗುತ್ತದೆ, ಮೇಲಿನಿಂದ ಕಲ್ಲುಗಳು ಸಡಿಲಗೊಳ್ಳುತ್ತವೆ, ಮಧ್ಯಾಹ್ನಕ್ಕೆ ಮೋಡ ಕಟ್ಟಿ ಆಲಿಕಲ್ಲೋ ಹಿಮವೋ ಸುರಿಯಲು ಶುರುವಾಗುತ್ತದೆ. ಪಾಸ್ ದಾಟುವವರು ಅದಕ್ಕೂ ಮೊದಲೇ ದಾಟಿರಬೇಕು.

ಕತ್ತಲಲ್ಲಿ ಹಣೆಯ ಟಾರ್ಚುಗಳ ಸಾಲು ಹತ್ತುತ್ತಿರುತ್ತದೆ. ಮಾತಿಲ್ಲ, ಮಾತಿಗೆ ಉಸಿರು ಉಳಿದಿರುವುದಿಲ್ಲ. ಮುಂದಿನಿಂದ ಗೈಡ್‌ನ ದನಿ ಆಗಾಗ ಬರುತ್ತದೆ, “ಆರಾಮ್ ಸೇ ಭಾಯ್, ಆರಾಮ್ ಸೇ.” ಹತ್ತು ಹೆಜ್ಜೆ, ನಿಲ್ಲು. ಮತ್ತೆ ಹತ್ತು ಹೆಜ್ಜೆ. ಬೆಳಕಾದಾಗ ಮೊದಲು ಬಣ್ಣ ಬರುವುದು ಎದುರಿನ ದೂರದ ಶಿಖರಗಳಿಗೆ, ನೀವು ನಿಂತ ಜಾಗ ಇನ್ನೂ ನೀಲಿಯಾಗಿರುತ್ತದೆ. ಬಿಸಿಲು ಬಿದ್ದೊಡನೆ ಕಪ್ಪು ಕನ್ನಡಕ ಹಾಕಲೇಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳ ಬಹುಪಾಲನ್ನು ಹಿಂದಕ್ಕೆ ಎರಚುತ್ತದೆ. ಅರ್ಧ ದಿನ ಬರಿಗಣ್ಣಲ್ಲಿ ನಡೆದವರಿಗೆ ರಾತ್ರಿ ಕಣ್ಣಲ್ಲಿ ಮರಳು ಸುರಿದಂತಾಗಿ ನೋಟವೇ ಕೆಲಕಾಲ ಹೋಗುತ್ತದೆ. ಮೂಗಿನ ಹೊಳ್ಳೆಯ ಒಳಭಾಗ, ಗದ್ದದ ಅಡಿ ಸುಡುವುದೂ ಇದೇ ಕಾರಣಕ್ಕೆ. ಬಿಸಿಲು ಕೆಳಗಿನಿಂದ ಬರುತ್ತದೆ ಎಂದು ಊರಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ.

ಪಾಸ್ ಎಂದರೆ ಶಿಖರವಲ್ಲ, ಎರಡು ಕಣಿವೆಗಳ ನಡುವಿನ ಏಣಿನಲ್ಲಿರುವ ತಗ್ಗು. ಅಲ್ಲಿ ಬಾವುಟ ನೆಟ್ಟು ಕೂಗುವಂಥದ್ದೇನೂ ಇಲ್ಲ, ಗಾಳಿ ನಿಲ್ಲಲು ಬಿಡುವುದೂ ಇಲ್ಲ. ಕನ್ನಡ ಬಾವುಟ ಹಿಡಿದು ಫೋಟೊ ತೆಗೆಸಿಕೊಳ್ಳುವವರು ಇದ್ದೇ ಇರುತ್ತಾರೆ, ಇರಲಿ. ಆಮೇಲಿನ ಭಾಗಕ್ಕೆ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಕಾದಿರುತ್ತಾರೆ. ಬಿಸ್ಕೇರಿ ಕಡೆಗೆ ಇಳಿಯುವ ಹಿಮದ ಇಳಿಜಾರಿನಲ್ಲಿ ಕೂತು ಜಾರುವುದು. ಕಾಲು ಮೇಲೆತ್ತಿ, ಬೆನ್ನು ಹಿಂದಕ್ಕೆ ವಾಲಿಸಿ, ಕೈಬಿಟ್ಟರೆ ಆಯಿತು. ಬೆಳಗಿನಿಂದ ಗಂಟೆಗಟ್ಟಲೆ ಹತ್ತಿದ್ದರಲ್ಲಿ ಒಂದು ಪಾಲು ಕೆಲವೇ ನಿಮಿಷಗಳಲ್ಲಿ ಕೆಳಗಿಳಿದಿರುತ್ತದೆ. ಕೆಳಗೆ ನಿಂತ ಗೈಡ್‌ಗಳು ಒಬ್ಬೊಬ್ಬರನ್ನೇ ಹಿಡಿದು ನಿಲ್ಲಿಸುತ್ತಾರೆ. ಮಂಡಿಯೂರಿ ಎದ್ದ ಐವತ್ತೈದರ ಶಿಕ್ಷಕಿಯೊಬ್ಬರು “ಇನ್ನೊಂದ್ಸಲ ಬಿಡ್ತಾರೇನ್ರೀ?” ಎಂದು ಕೇಳಿದ್ದು ನೆನಪಿದೆ. ಬಿಡಲಿಲ್ಲ.

ಈ ಸಂತೋಷದ ಮಾತುಗಳ ಜೊತೆಗೆ 2024ರ ಜೂನ್ ಮೊದಲ ವಾರವನ್ನು ಹೇಳದೆ ಇರಲಾಗದು. ಉತ್ತರಾಖಂಡದ ಉತ್ತರಕಾಶಿ ಕಡೆಯ ಸಹಸ್ರತಾಲ್‌ಗೆ ಕರ್ನಾಟಕದಿಂದ ಚಾರಣಕ್ಕೆ ಹೋಗಿದ್ದ ತಂಡ, ಸ್ಥಳೀಯ ಗೈಡ್‌ಗಳೂ ಸೇರಿ 22 ಜನ, ಹಿಮಬಿರುಗಾಳಿಗೆ ಸಿಕ್ಕಿತು. 9 ಮಂದಿ ತೀರಿಕೊಂಡರು. 13 ಮಂದಿಯನ್ನು ರಕ್ಷಿಸಲಾಯಿತು, ವಾಯುಪಡೆಯ ಹೆಲಿಕಾಪ್ಟರ್‌ಗಳು ಹೋಗಬೇಕಾಯಿತು. ಅವರು ಎಳಸುಗಳಲ್ಲ, ಬೆಟ್ಟ ಬಲ್ಲವರು ಅವರಲ್ಲಿದ್ದರು. ಬೇಸಿಗೆ ಎಂಬ ಮಾತಿಗೆ ಹಿಮಾಲಯದ 14,000 ಅಡಿಯಲ್ಲಿ ನಾವು ಅಂದುಕೊಂಡ ಅರ್ಥವಿಲ್ಲ. ಪ್ರತಿ 1,000 ಮೀಟರ್ ಏರಿಕೆಗೆ ಸುಮಾರು 6.5 ಡಿಗ್ರಿ ತಾಪಮಾನ ಇಳಿಯುತ್ತದೆ. ಕಸೋಲ್‌ಗೂ ಸರ್ ಪಾಸ್‌ಗೂ ಹದಿನೇಳು ಡಿಗ್ರಿಯಷ್ಟು ಅಂತರ, ಅದೂ ಗಾಳಿ ಇಲ್ಲದ ಒಳ್ಳೆಯ ದಿನದಲ್ಲಿ. ಬಟ್ಟೆ ಒದ್ದೆಯಾಗಿ ಗಾಳಿಯೂ ಎದ್ದರೆ ದೇಹದ ಬಿಸಿ ಉಳಿಯುವುದಿಲ್ಲ.

ಹವಾಮಾನ ನಮ್ಮ ಕೈಲಿಲ್ಲ. ಕೈಲಿರುವುದು ಸಮಯ, ಅದನ್ನೇ ನಾವು ಬಿಗಿಯಾಗಿ ಹಿಡಿಯುತ್ತೇವೆ. ಭಾನುವಾರ ವಾಪಸ್, ಸೋಮವಾರ ಆಫೀಸು. ವಾಪಸ್ ರೈಲಿನ ಟಿಕೆಟ್ ತಿಂಗಳುಗಳ ಮುಂಚೆಯೇ ಕನ್ಫರ್ಮ್ ಆಗಿರುತ್ತದೆ. ಮೇಲೆ ಮೋಡ ಕಟ್ಟಿದಾಗ ಒಂದು ದಿನ ಟೆಂಟಿನಲ್ಲಿ ಕೂತು ಕಾಯೋಣ ಎಂದು ಗೈಡ್ ಹೇಳಿದರೆ ಮುಖ ಗಂಟಿಕ್ಕುವುದು ಈ ಟಿಕೆಟ್ಟಿನಿಂದ. ಆಯೋಜಕರೂ ಇದನ್ನೇ ನೋಡಿ ವೇಳಾಪಟ್ಟಿ ಕತ್ತರಿಸುತ್ತಾರೆ. ಐದು ದಿನದಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರಿಗೆ ಗಿರಾಕಿ ಹೆಚ್ಚು, ಏಳು ದಿನ ಬೇಕು ಎನ್ನುವವರಿಗೆ ಕಡಿಮೆ. ಹೀಗೆ ಕಡಿತಗೊಳ್ಳುವುದು ಯಾವಾಗಲೂ ಸುಮ್ಮನೆ ಕೂರುವ ದಿನವೇ. ಚಾರಣದಲ್ಲಿ ದುಡ್ಡು ಕೊಟ್ಟು ಕೊಳ್ಳಲು ಯೋಗ್ಯವಾದದ್ದು ಆ ದಿನವೊಂದೇ ಎಂದು ನನಗನ್ನಿಸುತ್ತದೆ.

ಗಡಿಬಿಡಿಯ ಇನ್ನೊಂದು ಫಲ ಕಸ, ಹಾಳಾದ ಹುಲ್ಲುಗಾವಲು. ಬುಗ್ಯಾಲ್‌ಗಳೆನ್ನುವ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡ ಹೈಕೋರ್ಟು 2018ರಲ್ಲಿ ನಿಷೇಧಿಸಿತು. ಬೇದಿನಿ ಬುಗ್ಯಾಲಿನ ಮೇಲೆ ಹಾಯುವ ರೂಪಕುಂಡದ ಹಾದಿಯನ್ನು ಕನಸಿನಲ್ಲಿಟ್ಟುಕೊಂಡಿದ್ದ ಬಹಳ ಕನ್ನಡಿಗರು ಆಗ ಬೈದರು. ಹುಲ್ಲಿನ ಮೇಲೆ ಸಾಲು ಸಾಲಾಗಿ ಟೆಂಟು ಹೊಡೆದ ಗುರುತುಗಳನ್ನು ಕಂಡವರು ಬೈಯಲಿಲ್ಲ. ಅಂಥ ತಣ್ಣನೆಯ ಜಾಗದಲ್ಲಿ ಹುಲ್ಲು ಮತ್ತೆ ಹಿಡಿಯಲು ವರ್ಷಗಳು ಬೇಕು. ಇನ್ನು ದಾರಿಯಲ್ಲಿ ಬಿದ್ದ ಕುರ್‌ಕುರೆ ಪೊಟ್ಟಣ ನಿಮ್ಮದಲ್ಲದಿದ್ದರೂ ಜೇಬಿಗೆ ಹಾಕಿಕೊಳ್ಳಿ, ಇಷ್ಟೇ ಹೇಳುವುದು.

ಇನ್ನು ಬರುವ ಮೇ ತಿಂಗಳಿಗೆ ಯೋಚಿಸುತ್ತಿರುವವರಿಗೆ ಕೆಲವು ಮಾತು. ಹೊಸ ಶೂ ಹಾಕಿ ಹಿಮಾಲಯಕ್ಕೆ ಹೋಗಬೇಡಿ, ಎರಡು ತಿಂಗಳು ಮುಂಚೆ ಕೊಂಡು ತರಕಾರಿ ತರಲೂ ಅದನ್ನೇ ಹಾಕಿ. ಓಟಕ್ಕಿಂತ ಮೆಟ್ಟಿಲು ಹತ್ತಿ ಇಳಿಯುವುದನ್ನು ಅಭ್ಯಾಸ ಮಾಡಿ. ಮೊಣಕಾಲು ಕೈಕೊಡುವುದು ಹತ್ತುವಾಗಲ್ಲ, ಇಳಿಯುವಾಗ. ಬಿ.ಪಿ., ಶುಗರ್, ಆಸ್ತಮಾ ಇದ್ದರೆ ವೈದ್ಯರನ್ನು ಕೇಳಿ, ಆಯೋಜಕರಿಂದ ಮುಚ್ಚಿಡಬೇಡಿ. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಮೇಲಿನ ಶಿಬಿರಗಳಿಗೆ ಉಣ್ಣೆ ಇಲ್ಲವೇ ಬೇಗ ಒಣಗುವ ಬಟ್ಟೆ ಇರಲಿ. ಚಟ್ನಿಪುಡಿ ಖಂಡಿತ ಒಯ್ಯಿರಿ, ಎತ್ತರದಲ್ಲಿ ನಾಲಗೆ ಸಪ್ಪೆಯಾದಾಗ ಒಂದು ತುತ್ತು ಒಳಗೆ ಹೋಗುವುದು ಅದರಿಂದಲೇ. ಆಯೋಜಕರನ್ನು ಆರಿಸುವಾಗ ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ. ಆಮ್ಲಜನಕದ ಸಿಲಿಂಡರ್ ಯಾವ ಶಿಬಿರದವರೆಗೆ ಬರುತ್ತದೆ? ಒಬ್ಬರು ಕೆಳಗಿಳಿಯಬೇಕಾದರೆ ಜೊತೆಗೆ ಇಳಿಯುವವರು ಯಾರು? ಹವಾಮಾನ ಕೆಟ್ಟರೆ ಕಾಯಲು ಹೆಚ್ಚುವರಿ ದಿನ ಇಟ್ಟಿದ್ದೀರಾ? ಮೂರನೆಯದಕ್ಕೆ ತಡವರಿಸುವವರ ಜೊತೆ ಹೋಗಬೇಡಿ. ಆಫೀಸಿನಲ್ಲಿ ರಜೆ ಅರ್ಜಿ ಬರೆಯುವಾಗ ಬೇಕಾದದ್ದಕ್ಕಿಂತ ಎರಡು ದಿನ ಹೆಚ್ಚು ಬರೆಯಿರಿ. ವಾಪಸ್ ಟಿಕೆಟ್ಟನ್ನೂ ಆ ಎರಡು ದಿನ ಸೇರಿಸಿಕೊಂಡೇ ಬುಕ್ ಮಾಡಿ.